ಆರು ಪೌಂಡಿನ ಕೂಸು, ಅರವತ್ತು ವರ್ಷದ ಲೆಕ್ಕ

ಮೈಸೂರಿನ ಹಳಬರನ್ನು "ನೀವು ಹುಟ್ಟಿದ್ದೆಲ್ಲಿ?" ಅಂತ ಕೇಳಿ ನೋಡಿ. "ಮಿಷನ್ ಆಸ್ಪತ್ರೆಯಲ್ಲಿ" ಅನ್ನೋರು ಒಬ್ಬರಾದರೂ ಸಿಕ್ಕೇ ಸಿಗ್ತಾರೆ. ಮಂಡಿ ಮೊಹಲ್ಲಾದಲ್ಲಿರುವ ಆ ಆಸ್ಪತ್ರೆಯ ಪೂರ್ತಿ ಹೆಸರು ಸಿಎಸ್‌ಐ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬಾಕೆಯ ನೆನಪಿಗೆ ವೆಸ್ಲಿಯನ್ ಮಿಷನ್‌ನವರು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ್ದು. ಅಷ್ಟುದ್ದದ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಮಿಷನ್ ಆಸ್ಪತ್ರೆ ಮಿಷನ್ ಆಸ್ಪತ್ರೆಯಾಗಿಯೇ ಉಳಿಯಿತು.

ಆ ಆಸ್ಪತ್ರೆಯಲ್ಲಿ 1934ರಿಂದ ಒಂದು ಕೆಲಸ ತಪ್ಪದೆ ನಡೀತಾ ಇತ್ತು. ಮಗು ಹುಟ್ಟಿದ ಕೂಡಲೇ ಅದರ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುವುದು. ಜೊತೆಗೆ ತಾಯಿಯ ತೂಕ, ಆಕೆಯ ಸೊಂಟದ ಮೂಳೆಗಳ ಅಗಲ. ತೂಕ ಪೌಂಡಿನಲ್ಲಿ. ಸೊಂಟದ ಅಳತೆ ಯಾಕೆ ಅಂದ್ರೆ, ಹೆರಿಗೆ ಕಷ್ಟವಾಗುತ್ತೋ ಇಲ್ಲವೋ ಅಂತ ಅಂದಾಜು ಮಾಡೋಕೆ. ಸ್ಕ್ಯಾನಿಂಗ್ ಇಲ್ಲದ ಕಾಲ, ಅಳತೆ ಟೇಪು ಮತ್ತು ಕೈಯ ಅನುಭವವೇ ಆಧಾರ. ಬರೆದವರಿಗೆ ಅದು ಅವತ್ತಿನ ಡ್ಯೂಟಿ ಅಷ್ಟೇ. ಅರವತ್ತು ವರ್ಷದ ನಂತರ ಆ ಪುಸ್ತಕಗಳು ಪ್ರಪಂಚದ ವೈದ್ಯಕೀಯ ಇತಿಹಾಸದಲ್ಲಿ ಒಂದು ಜಾಗ ಪಡೆಯುತ್ತವೆ ಅಂತ ಆ ನರ್ಸಮ್ಮಂದಿರಿಗೆ ಕನಸೂ ಬಿದ್ದಿರಲಿಕ್ಕಿಲ್ಲ.

ನಾನು ಡಾಕ್ಟರಲ್ಲ, ಇತಿಹಾಸಕಾರನೂ ಅಲ್ಲ. ವಿಮಾನಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಕೋಡ್ ಬರೆಯುವ ಪ್ರಾಣಿ. ಆದರೂ ಈ ಕಥೆಯನ್ನು ನಿಮಗೆಲ್ಲ ಹೇಳಲೇಬೇಕು ಅನ್ನಿಸ್ತು. ಕಾರಣ ಮುಂದೆ ಹೇಳ್ತೀನಿ, ಮೊದಲು ಇಂಗ್ಲೆಂಡಿಗೆ ಹೋಗಿ ಬರೋಣ.

* * *

ಹರ್ಟ್‌ಫರ್ಡ್‌ಶೈರ್ ಅಂತ ಲಂಡನ್ನಿನ ಉತ್ತರಕ್ಕೊಂದು ಜಿಲ್ಲೆ. ಅಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಗಟ್ಟಿಗಿತ್ತಿ ಇದ್ದಳು, ಸೂಲಗಿತ್ತಿಯರ ಮೇಲ್ವಿಚಾರಕಿ. ಅವಳ ಉಸ್ತುವಾರಿಯಲ್ಲಿ 1911ರಿಂದ ಜಿಲ್ಲೆಯಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ಹುಟ್ಟಿದಾಗ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಬರೆದಿಟ್ಟರು. ಮೊಲೆಹಾಲೋ ಬಾಟಲಿಯೋ ಎಂಬುದನ್ನೂ ಬರೆದರು. ಈ ಲೆಡ್ಜರುಗಳು ದಶಕಗಳ ಕಾಲ ಧೂಳು ತಿಂದವು.

1980ರ ದಶಕದಲ್ಲಿ ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್ ಎಂಬ ವೈದ್ಯರಿಗೆ ಒಂದು ವಿಚಿತ್ರ ಕಂಡಿತು. ಹೃದಯಾಘಾತ ಶ್ರೀಮಂತರ ಕಾಯಿಲೆ, ಬೆಣ್ಣೆ ತಿಂದು ಕೂತವರಿಗೆ ಬರುವಂಥದ್ದು ಅಂತ ಎಲ್ಲರ ನಂಬಿಕೆ. ಆದರೆ ಬ್ರಿಟನ್ನಿನ ನಕ್ಷೆಯಲ್ಲಿ ಹೃದ್ರೋಗದ ಸಾವು ಹೆಚ್ಚಿದ್ದದ್ದು ಬಡ ಜಿಲ್ಲೆಗಳಲ್ಲಿ. ಅದೂ, ಅರವತ್ತು ವರ್ಷ ಹಿಂದೆ ಎಲ್ಲಿ ಹಸುಗೂಸುಗಳು ಹೆಚ್ಚು ಸಾಯುತ್ತಿದ್ದವೋ ಅದೇ ಜಿಲ್ಲೆಗಳಲ್ಲಿ. ಹಾಗಾದರೆ ಸಾಯದೆ ಬದುಕುಳಿದ ಕೂಸುಗಳು ಏನೋ ಒಂದನ್ನು ಮೈಯಲ್ಲಿ ಹೊತ್ತುಕೊಂಡೇ ಬೆಳೆದವೇ? ಈ ಪ್ರಶ್ನೆ ಹಿಡಿದು ಬಾರ್ಕರ್ ತಂಡ ಹಳೆಯ ದಾಖಲೆ ಹುಡುಕುತ್ತಾ ಹೊರಟಾಗ ಸಿಕ್ಕಿದ್ದು ಬರ್ನ್‌ಸೈಡಳ ಲೆಡ್ಜರುಗಳು.

1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರ ಲೇಖನ ಬಂತು. 1911ರಿಂದ 1930ರ ನಡುವೆ ಹುಟ್ಟಿದ 5,654 ಗಂಡಸರ ಲೆಕ್ಕ. ವರ್ಷ ತುಂಬಿದಾಗ 18 ಪೌಂಡ್ ಮೀರದ ಮಕ್ಕಳಿಗೆ ಹೋಲಿಸಿದರೆ 27 ಪೌಂಡ್ ಮುಟ್ಟಿದ ಮಕ್ಕಳಲ್ಲಿ ಮುಂದೆ ಹೃದ್ರೋಗದಿಂದಾದ ಸಾವು ಅರ್ಧಕ್ಕಿಂತ ಕಡಿಮೆ. ಹುಟ್ಟುವಾಗಲೂ ಸಣ್ಣ, ವರ್ಷ ತುಂಬಿದಾಗಲೂ ಸಣ್ಣ ಇದ್ದವರ ಪಾಡು ಎಲ್ಲಕ್ಕಿಂತ ಕೆಟ್ಟದ್ದು.

ಬಾರ್ಕರ್ ಹೇಳಿದ್ದು ಇಷ್ಟು: ಗರ್ಭದಲ್ಲಿ ಊಟ ಸಾಲದೆ ಹೋದಾಗ ಮಗು ಮೊದಲು ಮೆದುಳನ್ನು ಉಳಿಸಿಕೊಳ್ಳುತ್ತದೆ. ಮೂತ್ರಪಿಂಡ, ಮೇದೋಜೀರಕ, ಸ್ನಾಯು, ರಕ್ತನಾಳ - ಇವಕ್ಕೆ ಉಳಿದದ್ದರಲ್ಲೇ ಹಂಚಿಕೆ. ಆ ಹೊತ್ತಿಗೆ ಜೀವ ಉಳಿಯಿತು ನಿಜ. ಆದರೆ ಕೆಲವು ಅಂಗಗಳಿಗೆ ಕಟ್ಟುವ ಕಾಲ ಒಂದೇ ಸಲ ಬರುವುದು, ತಪ್ಪಿದರೆ ಮತ್ತೆ ಸಿಗಲ್ಲ. ಮೂತ್ರಪಿಂಡದ ಸೋಸುವ ಘಟಕಗಳು ಹುಟ್ಟಿದ ಮೇಲೆ ಹೊಸದಾಗಿ ಹೆಚ್ಚುವುದಿಲ್ಲ, ಇದ್ದದ್ದರಲ್ಲೇ ಜೀವನ ಸಾಗಬೇಕು.

ಸುಮ್ಮನೆ ಒಪ್ಪಿಕೊಂಡರಾ ಜನ? ಇಲ್ಲ. "ಬಡವರ ಮಕ್ಕಳು ಸಣ್ಣಗೆ ಹುಟ್ಟುತ್ತವೆ, ಬಡವರಾಗಿಯೇ ಬೆಳೆಯುತ್ತವೆ, ಬೀಡಿ ಸಿಗರೇಟು ಸೇದುತ್ತವೆ, ಅದಕ್ಕೇ ಕಾಯಿಲೆ. ಗರ್ಭದ ಮಾತು ಯಾಕೆ?" ಅಂತ ವರ್ಷಗಟ್ಟಲೆ ಜಗಳ ನಡೀತು. ನ್ಯಾಯವಾದ ಜಗಳವೇ. ಇಂಗ್ಲೆಂಡಿನ ಹೊರಗೆ, ಬೇರೆಯದೇ ಸಮಾಜದಲ್ಲಿ ಇದನ್ನು ಪರೀಕ್ಷಿಸಿ ನೋಡಬೇಕಿತ್ತು. ಸಣ್ಣ ಮಕ್ಕಳು ಹುಟ್ಟುವ, ಆದರೆ ಹೃದ್ರೋಗ ಸಕ್ಕರೆ ಕಾಯಿಲೆ ಎರಡೂ ಏರುತ್ತಿರುವ ದೇಶದಲ್ಲಿ. ಅಂಥ ದೇಶ ಯಾವುದು ಅಂತ ನಾನು ಬೇರೆ ಹೇಳಬೇಕಾ? :-)

* * *

ಹಾಗೆ ಕಥೆ ಮತ್ತೆ ಮಿಷನ್ ಆಸ್ಪತ್ರೆಗೆ ಬರುತ್ತದೆ. 1993ರಲ್ಲಿ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನ ವೈದ್ಯರ ಜೊತೆಗೂಡಿ ಆಸ್ಪತ್ರೆಯ ಸುತ್ತಮುತ್ತ ಮನೆ ಮನೆ ಸಮೀಕ್ಷೆ ಶುರು ಮಾಡಿದರು. ಇಲ್ಲಿ ಹುಟ್ಟಿ ಇಲ್ಲೇ ಆಸುಪಾಸಿನಲ್ಲಿ ಇರುವವರು ಯಾರು ಅಂತ ಹುಡುಕಿ, ಅವರನ್ನು ಹಳೆಯ ಹೆರಿಗೆ ದಾಖಲೆಗೆ ಜೋಡಿಸುವ ಕೆಲಸ.

ಡೇಟಾಬೇಸ್ ಜೊತೆ ಒದ್ದಾಡುವ ಗೆಳೆಯರು ಒಂದು ನಿಮಿಷ ಯೋಚಿಸಿ. ಹುಟ್ಟಿದ ಕೂಸಿಗೆ ಹೆಸರಿರಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಮನೆ ಬದಲಿಸಿರುತ್ತಾರೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಹುಟ್ಟಿದ ತಾರೀಕಿಗೂ ನಿಜವಾದ ತಾರೀಕಿಗೂ ಸಂಬಂಧವೇ ಇರಲ್ಲ (ನಮ್ಮಲ್ಲಿ ಎಷ್ಟು ಹಿರಿಯರು ಜೂನ್ ತಿಂಗಳಲ್ಲೇ ಹುಟ್ಟಿದ್ದಾರೆ ನೋಡಿ!). ಇಂಥ ಊರಲ್ಲಿ ಅರವತ್ತು ವರ್ಷದ ಹಿಂದಿನ ಒಂದು ಸಾಲನ್ನು ಇವತ್ತಿನ ಒಬ್ಬ ಮನುಷ್ಯನಿಗೆ ಜೋಡಿಸೋದು ಅಂದ್ರೆ ಹುಡುಗಾಟವಲ್ಲ.

1996ರಲ್ಲಿ ಫಲ ಬಂತು, ಅದೂ ಲ್ಯಾನ್ಸೆಟ್‌ನಲ್ಲೇ. 1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿದ 517 ಗಂಡಸರು ಹೆಂಗಸರ ಹೃದಯ ಪರೀಕ್ಷೆ. ಹುಟ್ಟುವಾಗ ಐದೂವರೆ ಪೌಂಡ್ (ಎರಡೂವರೆ ಕೆಜಿ) ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 100ಕ್ಕೆ 11 ಜನರಿಗೆ ಹೃದ್ರೋಗ. 7 ಪೌಂಡಿಗಿಂತ ಹೆಚ್ಚಿದ್ದವರಲ್ಲಿ 100ಕ್ಕೆ 3. ಎಲ್ಲಕ್ಕಿಂತ ಹೆಚ್ಚು, 100ಕ್ಕೆ 20, ಯಾರಲ್ಲಿ ಗೊತ್ತಾ? ತಾವೂ ಐದೂವರೆ ಪೌಂಡ್ ದಾಟದೆ ಹುಟ್ಟಿ, ತಾಯಿಯೂ ಗರ್ಭಿಣಿಯಾಗಿದ್ದಾಗ 100 ಪೌಂಡಿಗಿಂತ ಕಡಿಮೆ ತೂಗಿದವರಲ್ಲಿ.

100 ಪೌಂಡ್ ಅಂದ್ರೆ 45 ಕೆಜಿ. ತುಂಬು ಗರ್ಭಿಣಿ, ಹೊಟ್ಟೆಯೊಳಗಿನ ಮಗುವನ್ನೂ ಸೇರಿಸಿ ತೂಗಿದರೂ 45 ಕೆಜಿ ಇಲ್ಲ! ಅದು ಎರಡನೇ ಮಹಾಯುದ್ಧದ, ರೇಷನ್ನಿನ ಕಾಲವನ್ನೂ ಒಳಗೊಂಡ ಲೆಕ್ಕ. ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಸೊಸೆಯರ ಕಾಲವೂ ಹೌದು. ಲೆಡ್ಜರಿನಲ್ಲಿ ಅದೆಲ್ಲ ಬರೆದಿರಲ್ಲ, ಬರೀ ತೂಕ ಇರುತ್ತೆ. ಆದರೆ ಆ ಅಂಕಿಯೊಳಗೆ ಒಂದು ಅಡುಗೆಮನೆ ಇಡಿಯಾಗಿ ಕೂತಿದೆ ಅಂತ ನನಗನ್ನಿಸುತ್ತೆ.

ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಹೇಳಬೇಕು. 517 ಜನ ಅನ್ನೋದು ದೊಡ್ಡ ಸಂಖ್ಯೆ ಅಲ್ಲ. ಎಲ್ಲ ವಯಸ್ಸಿನವರನ್ನು ಒಟ್ಟಿಗೆ ತೆಗೆದುಕೊಂಡಾಗ ತೂಕದ ಏರಿಳಿತ ಸಂಖ್ಯಾಶಾಸ್ತ್ರದ ಮಾಮೂಲಿ ಗೆರೆಯನ್ನು ದಾಟಿರಲಿಲ್ಲ. 45 ವರ್ಷ ಮೀರಿದವರನ್ನು ಮಾತ್ರ ನೋಡಿದಾಗ ದಾಟಿತು. ಜೊತೆಗೆ ಈ ಲೆಕ್ಕದಲ್ಲಿ ಇರುವವರು ಬದುಕುಳಿದವರು, ಊರು ಬಿಡದವರು. ಹೋದವರು, ತೀರಿಕೊಂಡವರು ಲೆಕ್ಕದ ಹೊರಗೆ. ಇದಿಷ್ಟನ್ನೇ ಹಿಡಿದು ಷರಾ ಬರೆಯೋಕಾಗಲ್ಲ, ಆದರೆ ಹರ್ಟ್‌ಫರ್ಡ್‌ಶೈರಿನ ಮಾತನ್ನೇ ಮೈಸೂರೂ ಹೇಳಿತು ಅನ್ನೋದು ಸಣ್ಣ ವಿಷಯವಲ್ಲ.

* * *

ಇಲ್ಲಿಗೆ ಮುಗಿದಿದ್ದರೆ ಮೈಸೂರು ಇಂಗ್ಲೆಂಡಿನ ಒಂದು ಕಾರ್ಬನ್ ಕಾಪಿ ಆಗುತ್ತಿತ್ತು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಹಾಗಾಗಲಿಲ್ಲ.

ಇಂಗ್ಲೆಂಡಿನಲ್ಲಿ ಸಣ್ಣಗೆ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಹೆಚ್ಚು ಅಂತ ಕಂಡಿತ್ತು. ಇಲ್ಲೂ ಹಾಗೇ ಇರುತ್ತೆ ಅಂತ ಎದುರು ನೋಡಿದರು. 1998ರಲ್ಲಿ ಪ್ರಕಟವಾದ ಲೆಕ್ಕ ಬೇರೆಯೇ ಹೇಳಿತು. ಮೈಸೂರಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿದ್ದದ್ದು ಹುಟ್ಟುವಾಗ ಉದ್ದ ಕಡಿಮೆ, ಆದರೆ ಉದ್ದಕ್ಕೆ ಹೋಲಿಸಿದರೆ ಗುಂಡುಗುಂಡಗೆ ಇದ್ದ ಮಕ್ಕಳಲ್ಲಿ. ಅವರ ತಾಯಂದಿರು ತೆಳ್ಳಗಿರಲಿಲ್ಲ, ಮಿಕ್ಕವರಿಗಿಂತ ತೂಕದವರು.

ಇದೇನಿದು ಉಲ್ಟಾ? ಆ ತಾಯಂದಿರಿಗೆ ಗರ್ಭ ಕಾಲದಲ್ಲಿ ಸಕ್ಕರೆ ಏರಿರಬಹುದೇ, ಅಂದಿನ ದಿನಗಳಲ್ಲಿ ಅದನ್ನು ಯಾರೂ ಅಳೆದಿರದಿದ್ದರಿಂದ ದಾಖಲೆಯಲ್ಲಿ ಕಾಣುತ್ತಿಲ್ಲವೇ? ಇದು ಸಂಶೋಧಕರ ಗುಮಾನಿ. ಅದಕ್ಕೊಂದು ಹಳೆಯ ಆಧಾರವೂ ಇತ್ತು. ಡೆನ್ಮಾರ್ಕಿನ ಯೊರ್ಗೆನ್ ಪೆಡರ್ಸನ್ 1950ರ ದಶಕದಲ್ಲೇ ವಿವರಿಸಿದ್ದ: ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಆದ್ದರಿಂದ ಮಗುವೇ ಇನ್ಸುಲಿನ್ ಸುರಿಸಿ ಆ ಸಕ್ಕರೆಯನ್ನು ಕೊಬ್ಬಾಗಿ ಕೂಡಿಡುತ್ತದೆ. ಇನ್ನೂ ಹುಟ್ಟದ ಜೀವಕ್ಕೆ ಆಗಲೇ ಓವರ್‌ಟೈಮ್!

ಗುಮಾನಿಯನ್ನು ಪರೀಕ್ಷಿಸಲು ಹಳೆಯ ಪುಸ್ತಕ ಸಾಲದು, ಹೊಸ ಗರ್ಭಿಣಿಯರು ಬೇಕು. ಹಾಗೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಶುರುವಾದದ್ದು ಮೈಸೂರು ಪಾರ್ಥೆನಾನ್ ಅಧ್ಯಯನ. ಇದನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದವರಲ್ಲಿ ಡಾ. ಜಿ.ವಿ. ಕೃಷ್ಣವೇಣಿ ಪ್ರಮುಖರು. 785 ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದರು. 49 ಜನರಿಗೆ, ಅಂದರೆ 100ಕ್ಕೆ ಆರಕ್ಕಿಂತ ಸ್ವಲ್ಪ ಹೆಚ್ಚು, ಗರ್ಭ ಕಾಲದ ಸಕ್ಕರೆ ಕಾಯಿಲೆ ಇತ್ತು. ಅವರ ಮಕ್ಕಳು ಹುಟ್ಟುವಾಗಲೇ ಉಳಿದವರಿಗಿಂತ ದಪ್ಪ. ಸಂಶೋಧಕರು ಅಷ್ಟಕ್ಕೇ ಬಿಡದೆ ಆ ಮಕ್ಕಳನ್ನು ವರ್ಷ ವರ್ಷ ಕರೆಸಿ ಅಳೆದರು. ಒಂಬತ್ತೂವರೆ ವಯಸ್ಸಿಗೆ ಬಂದಾಗ ಅವರಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್ ಮಾತು ಕೇಳದ ಗುಣ ಹೆಚ್ಚು, ಹೆಣ್ಣುಮಕ್ಕಳಲ್ಲಿ ರಕ್ತದೊತ್ತಡವೂ ಒಂದು ಮೆಟ್ಟಿಲು ಮೇಲೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಸಂಬಂಧ ಇಷ್ಟು ಬಲವಾಗಿ ಕಾಣಲಿಲ್ಲ. ವಂಶವಾಹಿ ಒಂದೇ ಕಾರಣವಾಗಿದ್ದರೆ ಅಪ್ಪನ ಕಡೆಯಿಂದಲೂ ಅಷ್ಟೇ ಬರಬೇಕಿತ್ತಲ್ಲ?

ಈ ವಾದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಅಮೆರಿಕದ ಅರಿಜೋನಾದ ಪಿಮಾ ಜನಾಂಗದಿಂದ ಬಂದಿದೆ. ಒಂದೇ ತಾಯಿಗೆ ಸಕ್ಕರೆ ಕಾಯಿಲೆ ಬರುವ ಮೊದಲು ಹುಟ್ಟಿದ ಮಗು, ಬಂದ ಮೇಲೆ ಹುಟ್ಟಿದ ಮಗು. ಒಡಹುಟ್ಟಿದವರೇ. ಆದರೆ ಎರಡನೆಯವರಿಗೆ ಸಕ್ಕರೆ ಕಾಯಿಲೆಯ ಸಾಧ್ಯತೆ ಹೆಚ್ಚು ಅಂತ 2000ದಲ್ಲಿ ಪ್ರಕಟವಾಯಿತು. ಅಪ್ಪ ಅಮ್ಮ ಇಬ್ಬರೂ ಅವರೇ, ಬದಲಾದದ್ದು ಗರ್ಭದ ವಾತಾವರಣ.

ಪಾರ್ಥೆನಾನ್ ತಾಯಂದಿರ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಹೆರಿಗೆಯಾಗಿ ಐದು ವರ್ಷದ ಹೊತ್ತಿಗೆ, ಗರ್ಭ ಕಾಲದಲ್ಲಿ ಸಕ್ಕರೆ ಏರಿದ್ದವರಲ್ಲಿ 100ಕ್ಕೆ 37 ಜನರಿಗೆ ಕಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಏರದಿದ್ದವರಲ್ಲಿ 100ಕ್ಕೆ 2. "ಹೆರಿಗೆ ಆದ್ಮೇಲೆ ಎಲ್ಲ ಸರಿಹೋಗುತ್ತೆ" ಅನ್ನುವ ಸಮಾಧಾನದ ಮಾತು ಇದೆಯಲ್ಲ, ಅದು ಅರ್ಧ ಸತ್ಯ. ಸಕ್ಕರೆ ಇಳಿಯುತ್ತೆ, ನಿಜ. ಆದರೆ ದೇಹ ಮೊದಲೇ ಒಂದು ಸುಳಿವು ಕೊಟ್ಟು ಹೋಗಿರುತ್ತೆ.

* * *

ನಮ್ಮ ಕೂಸುಗಳ ವಿಚಾರದಲ್ಲಿ ಇನ್ನೊಂದು ಆಶ್ಚರ್ಯ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಂಡ ಅಲ್ಲಿನ ಹಳ್ಳಿಗಳ ಶಿಶುಗಳನ್ನು ಸೌತಾಂಪ್ಟನ್ನಿನ ಶಿಶುಗಳ ಜೊತೆ ಹೋಲಿಸಿತು. ಅಲ್ಲಿಯವು ಸರಾಸರಿ ಮೂರೂವರೆ ಕೆಜಿ, ನಮ್ಮವು 2.7. ಹೊಟ್ಟೆ, ಸ್ನಾಯು ಎಲ್ಲ ಸಣ್ಣ. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆ ಇಲ್ಲ! ಮೈಸೂರಿನ ಶಿಶುಗಳಲ್ಲೂ ಇದೇ ಕಂಡಿತು. ನೋಡೋಕೆ ಕಡ್ಡಿ, ಒಳಗೆ ಬೆಣ್ಣೆ. ನಮ್ಮ ಆಫೀಸುಗಳಲ್ಲಿ ಸಪೂರ ಕೈಕಾಲು, ಪುಟ್ಟ ಹೊಟ್ಟೆ, ಮೂವತ್ತೈದಕ್ಕೇ ಮಾತ್ರೆ ನುಂಗುವ ಸಹೋದ್ಯೋಗಿಗಳು ಎಲ್ಲರಿಗೂ ಗೊತ್ತು. ಅದರ ನಕ್ಷೆ ಹುಟ್ಟುವಾಗಲೇ ಅರ್ಧ ಬರೆದಿತ್ತು ಅನ್ನೋದು ಈ ಅಧ್ಯಯನಗಳ ಸಾರ.

ಬಿ12 ವಿಟಮಿನ್‌ನದು ಇನ್ನೊಂದು ಎಳೆ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದು ಗಿರಣಿ ಕಾರ್ಮಿಕ ಗರ್ಭಿಣಿಯರ ರಕ್ತಹೀನತೆಯ ಬೆನ್ನು ಹತ್ತಿದಳು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ತಿನ್ನಿಸಿದರೆ ಗುಣವಾಗುತ್ತೆ ಅಂತ 1931ರಲ್ಲಿ ತೋರಿಸಿದಳು. ಆ ಯೀಸ್ಟಿನೊಳಗಿನ ಗುಟ್ಟೇ ಮುಂದೆ ಫೋಲಿಕ್ ಆಸಿಡ್ ಅಂತ ಗೊತ್ತಾದದ್ದು. ಇವತ್ತು ಗರ್ಭಿಣಿಯರಿಗೆ ಕಬ್ಬಿಣದ ಜೊತೆ ಕೊಡುವ ಮಾತ್ರೆಯ ಮೂಲ ಬೊಂಬಾಯಿಯ ಗಿರಣಿಗಳಲ್ಲಿದೆ.

ಪಾರ್ಥೆನಾನ್‌ನಲ್ಲಿ ನೋಡಿದಾಗ ಫೋಲಿಕ್ ಆಸಿಡ್ ಕೊರತೆ 100ಕ್ಕೆ 4 ಜನರಲ್ಲಿ ಮಾತ್ರ. ಆದರೆ ಬಿ12 ಕೊರತೆ 100ಕ್ಕೆ 43 ಜನರಲ್ಲಿ! ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪು ಬೇಳೆಯಲ್ಲಿ ಇಲ್ಲ. ಬಿ12 ಕಡಿಮೆ ಇದ್ದವರಲ್ಲಿ ಗರ್ಭ ಕಾಲದ ಸಕ್ಕರೆ ಕಾಯಿಲೆಯೂ ಹೆಚ್ಚು ಕಂಡಿತು. ಒಂದು ಇನ್ನೊಂದಕ್ಕೆ ಕಾರಣ ಅಂತ ಅಷ್ಟರಿಂದಲೇ ಹೇಳೋಕಾಗಲ್ಲ, ಆದರೆ ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಬೇರೆ ದಾರಿಯಿಂದ ಇದೇ ಬಾಗಿಲಿಗೆ ಬಂದರು. ಬಿ12 ಕಡಿಮೆ ಇರುವ ತಾಯಂದಿರ ಮಕ್ಕಳು ಗರ್ಭದಲ್ಲಿ ಸರಿಯಾಗಿ ಬೆಳೆಯದೆ ಹೋಗುವ ಸಂಭವ ಹೆಚ್ಚು ಅಂತ 2006ರಲ್ಲಿ ಬರೆದರು. ಮುಂದೆ ಇದೇ ಬೆಂಗಳೂರಿನ ಗರ್ಭಿಣಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಮಾತ್ರೆ ಕೊಟ್ಟು ನೋಡಿದರು. ತಾಯಿಯ ರಕ್ತ, ಎದೆಹಾಲು, ಮಗುವಿನ ರಕ್ತ ಮೂರರಲ್ಲೂ ಬಿ12 ಏರಿತು ಅಂತ 2014ರಲ್ಲಿ ಪ್ರಕಟಿಸಿದರು.

* * *

ಈಗ ಕಾರಣಕ್ಕೆ ಬರ್ತೀನಿ. ನನ್ನ ಅಕ್ಕನಿಗೆ ಆರನೇ ತಿಂಗಳಲ್ಲಿ ಸಕ್ಕರೆ ಏರಿದೆ ಅಂತ ಗೊತ್ತಾಯ್ತು. ಅವಳು ಸಣಕಲಿ, ಸಿಹಿ ಅಂದರೆ ಮಾರು ದೂರ. ಆಸ್ಪತ್ರೆಯಿಂದ (ಹೆಸರು ಬೇಡ ಬಿಡಿ) ಒಂದು ಪಟ್ಟಿ ಕೈಗಿಟ್ಟರು. ಅದರಲ್ಲಿ ರಾಗಿಮುದ್ದೆ ಇಲ್ಲ, ಅನ್ನ ಎಷ್ಟು ಅಂತಿಲ್ಲ, ಇದ್ದದ್ದು ಬ್ರೌನ್ ಬ್ರೆಡ್ಡು, ಓಟ್ಸು. ಅದನ್ನಾದರೂ ಸಹಿಸಬಹುದು. ನೋಡೋಕೆ ಬಂದವರ ಮಾತು ಸಹಿಸೋದು ಕಷ್ಟ. "ಆಫೀಸು ಆಫೀಸು ಅಂತ ಟೆನ್ಶನ್ ಮಾಡಿಕೊಂಡಳು", "ಹೊರಗಿನ ತಿಂಡಿ ತಿಂದಳು", "ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?" ಅಕ್ಕ ಒಂದು ರಾತ್ರಿ ಫೋನಿನಲ್ಲಿ ಕೇಳಿದಳು: "ಮಗೂಗೆ ಏನಾದ್ರೂ ಆದ್ರೆ ಅದು ನನ್ನಿಂದಾನೇ ಅಲ್ವೇನೋ?"

ನಾನು ಇದನ್ನೆಲ್ಲ ಓದೋಕೆ ಶುರು ಮಾಡಿದ್ದು ಅವಳಿಗೊಂದು ಉತ್ತರ ಕೊಡೋಕೆ. ಓದುತ್ತಾ ಹೋದ ಹಾಗೆ ಒಂದು ಅಪಾಯವೂ ಕಂಡಿತು. ಈ ಇಡೀ ವಿಜ್ಞಾನವನ್ನು ತಪ್ಪಾಗಿ ಓದಿದರೆ ಅದು ಅತ್ತೆಯಂದಿರ ಕೈಗೆ ಸಿಕ್ಕ ಇನ್ನೊಂದು ಕೋಲು. "ನೋಡು, ವಿಜ್ಞಾನವೇ ಹೇಳಿದೆ, ಎಲ್ಲ ತಾಯಿಯದೇ ತಪ್ಪು!" 2014ರಲ್ಲಿ ಸಾರಾ ರಿಚರ್ಡ್‌ಸನ್ ಮತ್ತು ಇತರರು ನೇಚರ್ ಪತ್ರಿಕೆಯಲ್ಲಿ ಇದೇ ಎಚ್ಚರಿಕೆ ಬರೆದರು: ತಾಯಂದಿರನ್ನು ಕಟಕಟೆಗೆ ನಿಲ್ಲಿಸಬೇಡಿ ಅಂತ.

ಮೈಸೂರಿನ ಇತಿಹಾಸವನ್ನೇ ನೋಡಿ. 100 ಪೌಂಡ್ ತೂಗದ ಆ ಗರ್ಭಿಣಿ ಬೇಕಂತ ತೆಳ್ಳಗಿದ್ದಳೇ? ಅವಳ ಮೈಕಟ್ಟು ಅವಳ ಬಾಲ್ಯದ್ದು, ಅವಳ ಬಾಲ್ಯ ಅವಳ ಅಮ್ಮನ ಅಡುಗೆಮನೆಯದ್ದು. ಇನ್ನೊಂದು ಸೋಜಿಗ ಕೇಳಿ. ಹೆಣ್ಣುಮಗುವಿನ ಅಂಡಕೋಶಗಳು ಅದು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡಿರುತ್ತವೆ. ಅಂದರೆ ನಾನಾಗುವ ಆ ಒಂದು ಕಣ ನನ್ನ ಅಜ್ಜಿಯ ಹೊಟ್ಟೆಯೊಳಗೇ ತಯಾರಾಗಿತ್ತು. ಮೂರು ತಲೆಮಾರು ಒಂದೇ ಮೈಯಲ್ಲಿ. ಹಾಗಿರುವಾಗ ಅಕ್ಕ ಕಳೆದ ತಿಂಗಳು ತಿಂದ ಹೋಳಿಗೆಯ ಮೇಲೆ ಎಲ್ಲ ಹೊರೆ ಹಾಕೋದು ಎಂಥ ನ್ಯಾಯ?

ನಮ್ಮ ವಿಮಾನಪುರವನ್ನೇ ತೆಗೆದುಕೊಳ್ಳಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ಶುರು ಮಾಡದಿದ್ದರೆ ಈ ಊರಿಗೆ ಈ ಹೆಸರೇ ಇರುತ್ತಿರಲಿಲ್ಲ. ಎಚ್‌ಎಎಲ್ ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದರು. ಮಳೆ ನಂಬಿದ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಸಂಬಳ, ಕ್ವಾರ್ಟರ್ಸು, ಕ್ಯಾಂಟೀನು ಸಿಕ್ಕಿತು. ಒಳ್ಳೆಯದೇ ಆಯ್ತು. ಆದರೆ ಬಾರ್ಕರ್ ಮತ್ತು ನಿಕೋಲಸ್ ಹೇಲ್ಸ್ 1992ರಲ್ಲಿ ಹೇಳಿದ ಮಾತು ಇಂಥ ಊರುಗಳಿಗೇ ಹೊಂದುತ್ತೆ. ಗರ್ಭದಲ್ಲಿ ಬರಗಾಲಕ್ಕೆ ಹೊಂದಿಕೊಂಡ ದೇಹ ಮುಂದೆ ಸುಗ್ಗಿಗೆ ಬಿದ್ದರೆ ತಾಳ ತಪ್ಪುತ್ತದೆ. ಬರವೂ ಒಂದೇ ಕಾರಣವಲ್ಲ, ಸುಗ್ಗಿಯೂ ಅಲ್ಲ, ಎರಡರ ನಡುವಿನ ಅಂತರ ದೊಡ್ಡದು. ಇಂಗ್ಲೆಂಡಿನಲ್ಲಿ ನಿಧಾನವಾಗಿ ಆದ ಬದಲಾವಣೆ ನಮ್ಮ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬರುವಷ್ಟರಲ್ಲಿ ಆಗಿಹೋಗಿದೆ.

ವಿಜ್ಞಾನಿಗಳು ಇದನ್ನು ಗರ್ಭದ "ಪ್ರೋಗ್ರಾಮಿಂಗ್" ಅಂತಾರೆ. ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವ ನನಗೆ ಈ ಪದ ಅಷ್ಟು ಸರಿ ಕಾಣಲ್ಲ. ಪ್ರೋಗ್ರಾಂ ಅಂದ್ರೆ ಬರೆದದ್ದು ಬರೆದ ಹಾಗೇ ಓಡಬೇಕು. ಇಲ್ಲಿ ಹಾಗಿಲ್ಲ. ಐದೂವರೆ ಪೌಂಡಿನ ಗುಂಪಿನಲ್ಲೂ 100ಕ್ಕೆ 89 ಜನರಿಗೆ ಹೃದ್ರೋಗ ಇರಲಿಲ್ಲ ಅನ್ನೋದನ್ನು ಮರೀಬೇಡಿ. ಇದು ಆರಂಭದ ಸೆಟ್ಟಿಂಗು, ಅಷ್ಟೇ. ಮುಂದೆ ಬದಲಿಸೋಕೆ ಜಾಗ ಬಹಳ ಇದೆ.

ಎಷ್ಟು ಜಾಗ ಇದೆ ಅನ್ನೋದಕ್ಕೆ ಮುಂಬೈಯಿಂದ ಒಂದು ಉದಾಹರಣೆ. ಅಲ್ಲಿನ ಕೊಳೆಗೇರಿಗಳ ಹೆಣ್ಣುಮಕ್ಕಳಿಗೆ 2006ರಿಂದ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ದಿನಾ ಕೊಟ್ಟರು, ಬಸುರಾಗುವ ಮೊದಲಿನಿಂದಲೇ. ಎಲ್ಲರನ್ನೂ ಸೇರಿಸಿ ನೋಡಿದಾಗ ಮಗುವಿನ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಗರ್ಭಧಾರಣೆಗೆ ಮೂರು ತಿಂಗಳಾದರೂ ಮೊದಲು ತಿನ್ನಲು ಶುರು ಮಾಡಿದವರ ಮಕ್ಕಳು ಮಾತ್ರ ಸುಮಾರು 48 ಗ್ರಾಂ ಹೆಚ್ಚು ತೂಗಿದರು. ಆದರೆ ಗರ್ಭ ಕಾಲದ ಸಕ್ಕರೆ ಕಾಯಿಲೆ 100ಕ್ಕೆ 12.4 ಇದ್ದದ್ದು 7.3ಕ್ಕೆ ಇಳಿಯಿತು! ಬರೀ ಒಂದು ತಿಂಡಿಯಿಂದ. ಇದನ್ನು ನೋಡಿದ ಮೇಲೆ ಆರನೇ ತಿಂಗಳಲ್ಲಿ ಬಂದು ಉಪದೇಶ ಮಾಡೋದಕ್ಕಿಂತ ಹದಿನಾರು ವರ್ಷದ ಹುಡುಗಿಯ ತಟ್ಟೆ ನೋಡೋದು ಮೇಲು ಅನ್ನಿಸಲ್ವಾ?

ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರುವಾಯಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ. ಮೊಟ್ಟೆ ಬೇಕೋ ಬೇಡವೋ ಅಂತ ನಮ್ಮಲ್ಲಿ ಆಗಾಗ ಗಲಾಟೆ ಏಳುತ್ತಲ್ಲ, ಆಗ ಪಾರ್ಥೆನಾನ್‌ನ ಆ 43ನ್ನು ನೆನೆಸಿಕೊಳ್ಳಿ.

ಮೈಸೂರಿನ ಕೆಲಸ ನಿಂತಿಲ್ಲ. ಹಳೆಯ ದಾಖಲೆಯ ಜನರನ್ನು ವಯಸ್ಸಾದ ಮೇಲೆ ಮತ್ತೆ ಹುಡುಕಿ ನೆನಪಿನ ಶಕ್ತಿ, ಮರೆವಿನ ಕಾಯಿಲೆ ಬಗ್ಗೆ ಅಧ್ಯಯನ ಮಾಡಿದ್ದಾರೆ, ಅದಕ್ಕೆ ಇಟ್ಟ ಹೆಸರು ಮೈನಾ. ಇತ್ತ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಿಗೆ ಬರುವ ಗರ್ಭಿಣಿಯರನ್ನು ಸೇರಿಸಿಕೊಂಡು 2016ರಲ್ಲಿ ಡಾ. ಗಿರಿಧರ ಬಾಬು ಮತ್ತವರ ತಂಡ ಮಾಸ್ತಿ ಅನ್ನುವ ಅಧ್ಯಯನ ಶುರು ಮಾಡಿತು. (ಹೌದು, ನಮ್ಮ ಮಾಸ್ತಿಯವರು ನೆನಪಾದರು. ಇದು ಇಂಗ್ಲಿಷ್ ಅಕ್ಷರಗಳ ಜೋಡಣೆ ಅಷ್ಟೇ :-) )

* * *

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಒಂದು, ಇದು ನಿನ್ನ ತಪ್ಪಲ್ಲ. ನಿನ್ನ ಮೈಯ ಈ ಇತಿಹಾಸ ನೀನು ಹುಟ್ಟುವ ಮೊದಲೇ ಶುರುವಾದದ್ದು. ಎರಡು, ಈಗ ಗೊತ್ತಾದದ್ದು ಒಳ್ಳೆಯದಾಯ್ತು. ಮೈಸೂರಿನ ಆ ಹಳೆಯ ತಾಯಂದಿರ ಸಕ್ಕರೆಯನ್ನು ಯಾರೂ ಅಳೆಯಲಿಲ್ಲ, ನಿನ್ನದನ್ನು ಅಳೆದಿದ್ದಾರೆ. ಮೂರು, ಹೆರಿಗೆಯಾದ ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ ಮಾಡಿಸಲೇಬೇಕು, ಆಮೇಲೂ ಬಿಡಬಾರದು. ಬಾಣಂತನದ ಗದ್ದಲದಲ್ಲಿ ಎಲ್ಲರೂ ಮಗುವನ್ನೇ ನೋಡ್ತಾರೆ, ತಾಯಿಯನ್ನು ಮರೀತಾರೆ. ಆ ತಾರೀಕನ್ನು ನಾನು ನನ್ನ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೀನಿ, ಭಾವನ ಫೋನಿನಲ್ಲೂ ಇಡಿಸಿದ್ದೀನಿ.

ಮನೆಯಲ್ಲಿ ಗರ್ಭಿಣಿಯರಿರುವ ಗೆಳೆಯರಿಗೂ ಅದೇ ಮಾತು. ಸರ್ಕಾರದ ಮಾರ್ಗಸೂಚಿಯ ಪ್ರಕಾರ ಪರೀಕ್ಷೆ ಬಹಳ ಸರಳ. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕರಗಿಸಿ ಕುಡಿಯುವುದು, ಊಟ ಆಗಿದ್ದರೂ ಪರವಾಗಿಲ್ಲ, ಎರಡು ಗಂಟೆಯ ನಂತರ ರಕ್ತ ಪರೀಕ್ಷೆ. 140 ಅಥವಾ ಹೆಚ್ಚು ಬಂದರೆ ಡಾಕ್ಟರ ಹತ್ತಿರ ಮಾತಾಡಬೇಕು. ಬೇಗ ಒಮ್ಮೆ, ಆಗ ಸರಿ ಇದ್ದರೂ 24-28 ವಾರದಲ್ಲಿ ಇನ್ನೊಮ್ಮೆ. ಈ ಸರಳ ವಿಧಾನಕ್ಕಾಗಿ ದುಡಿದವರಲ್ಲಿ ಚೆನ್ನೈನ ಡಾ. ವಿ. ಶೇಷಯ್ಯ ಮುಖ್ಯರು.

ಇನ್ನೊಂದು ಕೋರಿಕೆ. ತಾಯಿ ಕಾರ್ಡು, ಹೆರಿಗೆಯ ಡಿಸ್ಚಾರ್ಜ್ ಚೀಟಿ ಇವನ್ನೆಲ್ಲ ಎಸೀಬೇಡಿ. ಮಂಡಿ ಮೊಹಲ್ಲಾದ ಆ ಪುಸ್ತಕಗಳನ್ನು ಯಾರಾದರೂ ರದ್ದಿಗೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮ್ಮಮ್ಮನನ್ನು ಕೇಳಿದೆ, ನಾನು ಹುಟ್ಟಿದಾಗ ಎರಡು ಮುಕ್ಕಾಲು ಕೆಜಿ ಇದ್ದೆನಂತೆ. ಅಮ್ಮ ಎಷ್ಟು ತೂಗುತ್ತಿದ್ದರು ಅಂತ ಕೇಳಿದರೆ "ನನ್ನನ್ನು ಯಾರು ತೂಗ್ತಾರೆ?" ಅಂದು ನಕ್ಕುಬಿಟ್ಟರು.

ನಿಮ್ಮ ಹುಟ್ಟುತೂಕ ನಿಮಗೆ ಗೊತ್ತಾ? ಇವತ್ತು ಮನೆಗೆ ಫೋನ್ ಮಾಡಿದಾಗ ಕೇಳಿ. ನಿಮ್ಮಲ್ಲಿ ಯಾರಾದರೂ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರಿದ್ದರೆ, ಅಥವಾ ನಿಮ್ಮ ಅಮ್ಮ ಅಪ್ಪ ಅಲ್ಲಿ ಹುಟ್ಟಿದವರಾಗಿದ್ದರೆ, ನನಗೊಂದು ಸಾಲು ಬರೆಯಿರಿ.